ಎಡಗಡೆಯ ಗಂಟು

ಸೀಟ್ಸ್ಕೆಗೆ ಕಾಯುವುದೆಂದರೆ ಆಗದು. ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗಿನಿಂದ ಜೀವ ನಿಂತಲ್ಲಿ ನಿಂತಿರಲಿಲ್ಲ. ಮಾಮೂಲಿ ಮ್ಯಾಮೊಗ್ರಾಮಿನಲ್ಲಿ ಬರೀ ಬಿಳಿ ಮಬ್ಬು ಕಂಡಿತ್ತು. ಅದಕ್ಕೇ ಇವತ್ತು ಲೇವಾರ್ಡನ್ ಊರಿನ ಆಸ್ಪತ್ರೆಯಲ್ಲಿ ರಕ್ತಕ್ಕೆ ಮದ್ದು ಬಿಟ್ಟು ಮತ್ತೆ ಚಿತ್ರ ತೆಗೆಯುವುದು. ಕ್ಯಾನ್ಸರ್ ಇದ್ದರೆ ಅದು ರಕ್ತದ ಜೊತೆ ಮದ್ದನ್ನೂ ಎಳೆದುಕೊಂಡು ಹೊಳೆಯುತ್ತದೆ ಎಂದು ನರ್ಸ್ ಹೇಳಿದ್ದಳು. ಹೊಳೆಯದಿದ್ದರೆ ಸಾಕಪ್ಪಾ ಎನ್ನುವುದೊಂದೇ ಇವಳ ಜಪ.

ಮದ್ದು ತೋಳಿಗಿಳಿದದ್ದೇ ತಡ, ಮೈಯೆಲ್ಲ ಬಿಸಿಯೇರಿತು. ಉಚ್ಚೆ ಹೋಯಿತೇನೋ ಎಂದು ಹೆದರಿ ಕೆಳಗೆ ನೋಡಿಕೊಂಡಳು. ಆಮೇಲೆ ಆ ಹಾಳು ಯಂತ್ರ ಎಡ ಬಲ ಎರಡನ್ನೂ ರೊಟ್ಟಿಯ ಹಾಗೆ ಅಪ್ಪಚ್ಚಿ ಮಾಡಿತು.

ಡಾಕ್ಟರ್ ಹೊಯ್ಟೆಮಾ ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. ಆ ಊರಲ್ಲಿ ಯಾರೂ ಅಲ್ಲ ಬಿಡಿ.

"ಎಡಗಡೆ ಗಂಟು ಬರೀ ನೀರಿನ ಗುಳ್ಳೆ. ಹೊಳೀಲಿಲ್ಲ."

ಅಷ್ಟು ಸಾಕಾಯಿತು ಇವಳಿಗೆ. ಡಾಕ್ಟರ್ ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ, ಕೆಳಗೆ ಕಾಫಿ ಹಿಡಿದು ಕೂತಿದ್ದ ಅಕ್ಕ ಆಫ್ಕೆಗೆ ಫೋನಿನಲ್ಲಿ ಸುದ್ದಿ ಹೋಗಿಬಿಟ್ಟಿತ್ತು. ಅಕ್ಕ ಅದನ್ನು ಇಡೀ ಮನೆತನಕ್ಕೆ ಹಂಚಿದಳು. ಅಲ್ಲಿಯವರಿಗೆ ಒಳ್ಳೆಯದಾದವರೊಬ್ಬರಿಗೇ ಅಭಿನಂದನೆ ಹೇಳಿದರೆ ಸಾಲದು. ಮಗಳು ಗೆದ್ದರೆ ತಾಯಿಗೂ, ತಂಗಿ ಗೆದ್ದರೆ ಅಕ್ಕನಿಗೂ, ಭಾವನಿಗೂ ಹೇಳಬೇಕು. ಸೀಟ್ಸ್ಕೆಯ ಫೋನು ಗುಂಯ್ ಗುಂಯ್ ಎನ್ನತೊಡಗಿತು.

"ಅದನ್ನ ಪಕ್ಕಕ್ಕಿಡಿ. ನನ್ನ ಮಾತಿನ್ನೂ ಮುಗಿದಿಲ್ಲ," ಎಂದು ಹೊಯ್ಟೆಮಾ ಪರದೆ ಇವಳತ್ತ ತಿರುಗಿಸಿದಳು. ಬಲ ಎದೆಯ ಆಳದಲ್ಲಿ ಒಂದು ಚುಕ್ಕೆ ಬೆಳ್ಳಗೆ ಹೊಳೆಯುತ್ತಿತ್ತು. "ಇದು ಕೈಗೆ ಸಿಗೋವಷ್ಟು ದೊಡ್ಡದಲ್ಲ. ಆದ್ರೆ ಕ್ಯಾನ್ಸರ್ ಅಂತ ನನಗೆ ಅನುಮಾನ. ಸೂಜಿ ಹಾಕಿ ಒಂದು ಚೂರು ತೆಗೆದು ನೋಡ್ಬೇಕು."

ಸೀಟ್ಸ್ಕೆಗೆ ಭಯಕ್ಕಿಂತ ಮೊದಲು ತನ್ನ ಮೇಲೇ ಕೆಂಡದಂಥ ಸಿಟ್ಟು ಬಂತು. ಅರೆಗಳಿಗೆ ತಡೆದಿದ್ದರೆ ಏನು ಗಂಟು ಹೋಗುತ್ತಿತ್ತು?

ಅಷ್ಟರಲ್ಲಿ ಆಫ್ಕೆ ಏದುಸಿರು ಬಿಡುತ್ತಾ ಒಳಗೆ ಬಂದಳು. ಖುಷಿಗೆ ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಅಮ್ಮಂಗೂ ಹೇಳ್ಬಿಟ್ಟೆ ಕಣೇ. ಎಷ್ಟು ದಿನದ ಮೇಲೆ ನಕ್ಕಳು ಪಾಪ."

"ಕೂತ್ಕೋ ಅಕ್ಕ," ಎಂದಳು ಸೀಟ್ಸ್ಕೆ. "ನಾನು ಪೂರ್ತಿ ಕೇಳಿರ್ಲಿಲ್ಲ."

ಪರದೆಯ ಚುಕ್ಕೆ ತೋರಿಸಿದಳು. ಆಫ್ಕೆ ಕುರ್ಚಿಯ ಮೇಲೆ ಕುಸಿದಳು. ಅಮ್ಮನಿಗೆ ತಾನೇ ತಿಳಿಸುವೆನೆಂದಳು. ಸೀಟ್ಸ್ಕೆ ಒಪ್ಪಲಿಲ್ಲ, ತಾನೇ ನಂಬರು ಒತ್ತಿದಳು.

ಮೊದಲ ರಿಂಗಿಗೇ ಅಮ್ಮ ಎತ್ತಿದಳು.

"ಅಭಿನಂದನೆ ಮಗಳೇ," ಎಂದಳು.