ನೆಲದ ಮೇಡಂ

ಗಡಿಯಾರ ರಿಪೇರಿಯವನು ಮುಂದಿನ ಕೋಣೆಯ ಕೊನೆಯ ಕುರ್ಚಿಯನ್ನು ಎತ್ತಿ ಹೊರಗೆ ಇಡುತ್ತಿದ್ದಾಗ ಗೇಟಿನ ಹತ್ತಿರ ಮಗುವೊಂದು ಕಿರುಚಿತು.

ಒಳಗೆ ಮಂಚದ ಮೇಲೆ ಅವನ ಹೆಂಡತಿ ಮಲಗಿದ್ದಳು, ಎದೆಯವರೆಗೆ ಬಿಳಿ ಹೊದಿಕೆ. ನಿನ್ನೆ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವಳು ಒಲೆ ಆರಿಸಿ, ಒಂದು ನಿಮಿಷ ಕೂತುಕೊಳ್ಳುತ್ತೇನೆಂದು ಕೂತವಳು, ಹೋಗಿಬಿಟ್ಟಿದ್ದಳು. ಶವ ಒಯ್ಯುವ ವ್ಯಾನು ಹನ್ನೊಂದಕ್ಕೆ ಬರುವುದಿತ್ತು. ಈಗ ಹತ್ತು ದಾಟಿತ್ತು.

ಗೇಟಿನಲ್ಲಿದ್ದ ಹೆಂಗಸು ಮೊದಲ ಬಸ್ಸು ಹಿಡಿದು ಬಂದವಳು. ಹೆಗಲಿಗೆ ಚೀಲ, ತೋಳಿನಲ್ಲಿ ಮಗು, ಬೆರಳ ನಡುವೆ ಒಂದು ಚೀಟಿ. ಚೀಟಿಯಲ್ಲಿ ಅವನ ಹೆಂಡತಿಯ ದುಂಡು ಅಕ್ಷರ: ಭಾನುವಾರ, ಹತ್ತು ಗಂಟೆ. ಜನರನ್ನೂ ಹೂವನ್ನೂ ಮಂಚವನ್ನೂ ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಅಮ್ಮ ನಿನ್ನೆ ತೀರಿಕೊಂಡ್ರು," ಎಂದಳು ಅವನ ಮಗಳು. ಅವಳು ಶಾಲೆಯ ಟೀಚರು. ನಿನ್ನೆಯಿಂದ ಅದೇ ವಾಕ್ಯ ಹೇಳುತ್ತಲೇ ಇದ್ದಳು. "ನಿಮಗೆ ಎಷ್ಟು ಸಲ ಫೋನ್ ಮಾಡಿದ್ರೂ ಸಿಗ್ಲಿಲ್ಲ. ಆಸ್ಪತ್ರೇಲಿ ಬೇರೆ ಮೇಡಂ ಇದಾರೆ, ಅವರನ್ನ ನೋಡಿ."

"ಅಲ್ಲಿ ಮುಂದಿನ ತಿಂಗಳ ಕೊನೆಗೆ ಬರೋಕೆ ಹೇಳಿದಾರೆ. ಈಗಲೇ ಒಂಬತ್ತು ತಿಂಗಳು ಇವಳಿಗೆ. ಮಗ್ಗುಲು ಕೂಡ ಆಗಲ್ಲ." ಹೆಂಗಸು ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು. "ಇರ್ಲಿ ಬಿಡಿ, ಇಂಥ ಹೊತ್ತಲ್ಲಿ ಬಂದು ತೊಂದರೆ ಕೊಟ್ಟೆ."

ಅವಳು ತಿರುಗಿದಳು. ಮಗುವಿನ ತಲೆ ತಾಯಿಯ ತೋಳಿನಾಚೆ ಹಿಂದಕ್ಕೆ ಸೆಟೆದುಕೊಂಡಿತ್ತು. ಬೆನ್ನು ಬಿಲ್ಲಾಗಿತ್ತು, ಎರಡು ಕೈಯೂ ರೆಕ್ಕೆಯ ಹಾಗೆ ಹಿಂದೆ. ಗಡಿಯಾರದವನು ಅದನ್ನು ನೋಡಿದ. ನೋಡಿದ್ದೇ ತಡ, ಅವನ ಸ್ವಂತ ಹೆಗಲಿನೊಳಗೆ ಏನೋ ಚುರುಕ್ಕೆಂದಿತು.

"ಎಷ್ಟು ಮುಂಚೆ ಹುಟ್ಟಿದ್ಲು?" ಎಂದು ಕೇಳಿದ.

"ಎರಡೂವರೆ ತಿಂಗಳು ಸಾರ್."

"ಹಾಗಾದ್ರೆ ಇವಳಿಗೆ ಆರೂವರೆ. ಹುಟ್ಟಿದ ದಿನದಿಂದ ಎಣಿಸಬಾರದಮ್ಮ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು." ಮೂವತ್ತು ವರ್ಷ ಊಟಕ್ಕೆ ಕೂತಾಗಲೆಲ್ಲ ಕೇಳಿದ ಮಾತು, ಇವತ್ತು ತನ್ನ ಬಾಯಿಂದ ಸಲೀಸಾಗಿ ಬಂದದ್ದಕ್ಕೆ ಅವನೇ ಬೆರಗಾದ. "ಒಳಗೆ ಬನ್ನಿ."

"ಅಪ್ಪ," ಎಂದಳು ಮಗಳು, ಮೆಲ್ಲಗೆ.

* * *

ಅವನ ಹೆಂಡತಿ ನವಜಾತ ಶಿಶುಗಳ ವಾರ್ಡಿನಲ್ಲಿ ಸಹಾಯಕಿಯಾಗಿ ಸೇರಿದವಳು. ಮಕ್ಕಳ ಕೈಕಾಲಿನ ವ್ಯಾಯಾಮದ ಪರೀಕ್ಷೆ ಕಟ್ಟಿದ ವರ್ಷ ಮನೆಯಲ್ಲಿ ಅಭ್ಯಾಸಕ್ಕೆ ಕೂಸಿರಲಿಲ್ಲ. ಮಗಳಿಗೆ ಆಗಲೇ ಆರು ವರ್ಷ, ಹಿಡಿದರೆ ಸಿಗುತ್ತಿರಲಿಲ್ಲ.

"ರೀ, ಮಲ್ಕೊಳ್ಳಿ. ನಿಮಗೀಗ ಆರು ತಿಂಗಳು."

"ಮೀಸೆ ಇರೋ ಕೂಸು."

"ಬಾಯಿ ಮುಚ್ಚಿ. ಆರು ತಿಂಗಳ ಮಕ್ಕಳು ಮಾತಾಡಲ್ಲ."

ಅಂಗಡಿಯಿಂದ ದಣಿದು ಬಂದವನನ್ನು ನೆಲದ ಮೇಲೆ ಉರುಳಿಸಿ, ಮಂಡಿ ಮಡಿಸಿ, ಹೆಗಲನ್ನು ಮುಂದಕ್ಕೆ ಒತ್ತಿ ಅವಳು ಪಾಠ ಒಪ್ಪಿಸುತ್ತಿದ್ದಳು. ಕೊನೆಯ ತಿಂಗಳುಗಳಲ್ಲಿ ಮಗು ಹೊಟ್ಟೆಯೊಳಗೆ ಇಕ್ಕಟ್ಟಾಗಿ ಮುದುಡಿಕೊಂಡಿರುತ್ತೆ. ಒದ್ದರೆ ಗೋಡೆ ವಾಪಸ್ಸು ತಳ್ಳುತ್ತೆ. ಮೈ ಮಡಿಸೋದನ್ನ ಅಲ್ಲೇ ಕಲಿಯೋದು. ಮುಂಚೆ ಹುಟ್ಟಿದ್ದಕ್ಕೆ ಆ ಪಾಠ ತಪ್ಪಿಹೋಗುತ್ತೆ. ಹಾಸಿಗೆ ಮೇಲೆ ಚಪ್ಪಟೆ ಬಿದ್ದಿರುತ್ತೆ, ಭೂಮಿ ಕೈಕಾಲನ್ನ ಕೆಳಕ್ಕೆ ಎಳೀತಿರುತ್ತೆ. ಬೆನ್ನು ಸೆಟೆಯೋದು ಕಲಿಯುತ್ತೆ, ಕೈ ಮುಂದೆ ತರೋದು ಕಲಿಯಲ್ಲ.

"ಸ್ಪ್ರಿಂಗನ್ನ ಒಂದೇ ಕಡೆ ಬಿಗಿದ ಹಾಗೆ," ಎಂದ ಅವನು, ನೆಲದಿಂದಲೇ.

ಅವಳು ಅವನ ಹಣೆಗೆ ಫಟ್ಟನೆ ಒಂದು ಕೊಟ್ಟಳು. "ಇದನ್ನ ನಾಳೆ ತಾಯಂದಿರಿಗೆ ಹೇಳ್ತೀನಿ."

ಹೇಳಿದಳು ಕೂಡ. ಪರೀಕ್ಷೆ ಪಾಸಾದ ದಿನ "ನೀವೂ ಪಾಸು" ಎಂದು ಅವನ ಕೈ ಕುಲುಕಿದಳು. ಆಮೇಲೂ ಹೊಸದೇನು ಕಲಿತರೂ ಮೊದಲು ಅವನ ಮೈಮೇಲೆ. ಯಾವಾಗಲೂ ನೆಲದಲ್ಲೇ ಇರುತ್ತಿದ್ದ ಅವಳಿಗೆ ಆಸ್ಪತ್ರೆಯಲ್ಲಿ 'ನೆಲದ ಮೇಡಂ' ಎಂದೇ ಹೆಸರು ಬಿತ್ತು. ನಿವೃತ್ತಿಯ ನಂತರ ಭಾನುವಾರ ಭಾನುವಾರ ಈ ಮುಂದಿನ ಕೋಣೆಯೇ ಅವಳ ವಾರ್ಡು.

* * *

ಅವನು ಚಾಪೆಯನ್ನು ಮಂಚದ ಪಕ್ಕದಲ್ಲೇ ಬಿಚ್ಚಿದ. ಬೇರೆ ಜಾಗವಿರಲಿಲ್ಲ.

"ನಿನಗೇನು ತಲೆ ಕೆಟ್ಟಿದೆಯಾ?" ಎಂದಳು ಅವನ ಅಕ್ಕ. ಬೆಳಿಗ್ಗೆಯಿಂದ ಯಾರು ಎಲ್ಲಿ ನಿಲ್ಲಬೇಕು, ಯಾವ ಹೂವು ಎಲ್ಲಿಡಬೇಕು ಎಂದು ಸಾರಥ್ಯ ವಹಿಸಿದ್ದವಳು ಅವಳೇ. "ಹೆಣ ಇಟ್ಟುಕೊಂಡು ಕೂಸು ಆಡಿಸ್ತಾರಾ?"

"ಭಾನುವಾರ ಅಲ್ವಾ ಅಕ್ಕ," ಎಂದ ಅವನು.

ತಾಯಿ ಮಗುವಿನ ಕಂಕುಳ ಹಿಡಿದು ನಿಲ್ಲಿಸಿದಳು. ಮಗು ಕಾಲ್ಬೆರಳ ತುದಿಯ ಮೇಲೆ ಸೆಟೆದು ನಿಂತಿತು. "ಕಾಲೇನೋ ಗಟ್ಟಿ ಇದೆ ಸಾರ್. ನಮ್ಮತ್ತೆ, ಇವಳು ನೇರವಾಗಿ ನಡೆದೇ ಬಿಡ್ತಾಳೆ ಅಂತಾರೆ."

"ನೋಡು, ನಿಂತೇ ಬಿಡ್ತು," ಎಂದಳು ಅಕ್ಕ, ತನಗರಿವಿಲ್ಲದೆ ಹತ್ತಿರ ಸರಿದು.

"ಅದು ಗಟ್ಟಿ ಅಲ್ಲಮ್ಮ, ಬಿಗಿ," ಎಂದ ಅವನು. "ಕೆಳಗೆ ಮಲಗಿಸಿ. ಇವಳಿಗೆ ಮೊದಲು ನೆಲದ ಪರಿಚಯ ಆಗಬೇಕು."

ತಾಯಿ ಮಲಗಿಸಿದಳು. ಬೆನ್ನು ಸವರುತ್ತ, ಯಾರ ಮುಖವನ್ನೂ ನೋಡದೆ ಕೇಳಿದಳು: "ಇವಳು ನಡೀತಾಳಾ ಸಾರ್?"

"ನನಗೆ ಗೊತ್ತಿಲ್ಲ," ಎಂದ ಗಡಿಯಾರದವನು. "ಇಷ್ಟು ಬೇಗ ಯಾರಿಗೂ ಗೊತ್ತಾಗಲ್ಲ ಅಂತ ಅವಳು ಹೇಳ್ತಿದ್ಲು."

ಮೂಲೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದವಳು ಮುಂದೆ ಬಂದಳು. ರಸ್ತೆ ತುದಿಯ ಜೆರಾಕ್ಸ್ ಅಂಗಡಿಯ ಹುಡುಗಿ, ಇಪ್ಪತ್ತನಾಲ್ಕು ವರ್ಷದವಳು. "ನಾನು ಮೂರು ತಿಂಗಳು ಮುಂಚೆ ಹುಟ್ಟಿದವಳು. ನನ್ನ ಕಾಲು ನಡೀಲಿಲ್ಲ. ನಡೆಯಲ್ಲ ಅಂತ ಗೊತ್ತಾದ ಮೇಲೂ ಮೇಡಂ ಹನ್ನೊಂದು ವರ್ಷ ಬಿಡ್ಲಿಲ್ಲ ನನ್ನ. ಈ ಕುರ್ಚಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಬಚ್ಚಲಿಗೆ, ಅಂಗಡಿಗೆ, ಎಲ್ಲಾ ನಾನೇ ಹೋಗ್ತೀನಿ. ನನ್ನ ಹಾಗೇ ಮುಂಚೆ ಹುಟ್ಟಿ ಅದೇ ವಾರ್ಡಲ್ಲಿದ್ದ ಇನ್ನೊಬ್ಬ ಫುಟ್‌ಬಾಲ್ ಆಡ್ತಾನೆ. ಅವನೂ ಈ ಚಾಪೆಯವನೇ." ನಕ್ಕಳು. "ನೀವು ಹೆದರ್ಕೊಂಡೇ ಕೂತ್ರೆ ಅವಳು ನೆಲ ನೋಡೋದು ಯಾವಾಗ?"

ತಾಯಿ ಕಣ್ಣು ಒರೆಸಿಕೊಂಡು ಚಾಪೆಯ ಮೇಲೆ ಸರಿಯಾಗಿ ಕೂತಳು.

ಗಡಿಯಾರದವನು ಮಗುವಿನ ಎದುರು ತಾನೂ ಮಗ್ಗುಲಾಗಿ ಮಲಗಿದ, ಮೂಗಿಗೆ ಮೂಗು. ಹೆಗಲಿನಲ್ಲಿ ಹೆಂಡತಿಯ ಅಂಗೈಯ ಒತ್ತಡ ಇನ್ನೂ ಇತ್ತು: ಹೀಗೆ, ಇಲ್ಲಿಂದ, ಎಳೀಬೇಡಿ. ತಾಯಿಯ ಕೈಯನ್ನೇ ಹಿಡಿದು ಮಗುವಿನ ಹೆಗಲ ಹಿಂದೆ ಇಟ್ಟ. "ಎಳೀಬೇಡಿ. ಸುಮ್ಮನೆ ಮುಂದೆ ತನ್ನಿ." ಮಗಳು ಹೇಳದೆಯೇ ಒಂದು ಟವೆಲ್ ಸುರುಳಿ ಸುತ್ತಿ ಮಗುವಿನ ಬೆನ್ನ ಹಿಂದೆ ಒತ್ತಿದಳು. ಅವಳಿಗೂ ಗೊತ್ತಿತ್ತು. ಇದೇ ಮನೆಯಲ್ಲಿ ಬೆಳೆದವಳು.

ಮಡಿಸಿಕೊಂಡ ಮಗು ಅಳು ನಿಲ್ಲಿಸಿತು. ಒಂದು ಕೈ ಇನ್ನೊಂದನ್ನು ಮುಟ್ಟಿತು. ಮಗು ಬೆಚ್ಚಿತು. ಮತ್ತೆ ಮುಟ್ಟಿ, ತನ್ನ ಬೆರಳನ್ನೇ ಹೊಸದಾಗಿ ಸಿಕ್ಕಿದ ವಸ್ತುವಿನಂತೆ ದಿಟ್ಟಿಸಿತು.

"ಕೈ ಸಿಕ್ತು ಅವಳಿಗೆ," ಎಂದಳು ಜೆರಾಕ್ಸ್ ಹುಡುಗಿ. ತನ್ನ ಬೀಗದ ಕೈಗೊಂಚಲನ್ನು ಅವನತ್ತ ಜಾರಿಸಿದಳು.

ಅವನು ಕೆಂಪು ಬಿಲ್ಲೆಯ ಗೊಂಚಲನ್ನು ಚಾಪೆಯ ಮೇಲೆ, ಮಗುವಿನ ಕಣ್ಣಿಗೆ ಕಾಣುವಷ್ಟು ದೂರ ಇಟ್ಟ. ಕಣ್ಣು ಹೋಯಿತು. ಕಣ್ಣಿನ ಹಿಂದೆ ತಲೆ. ತಲೆಯ ಹಿಂದೆ ಹೆಗಲು. ಹೆಗಲು ತೂಗಿತು, ವಾಪಸ್ಸು ಬಂತು. ಮತ್ತೆ ತೂಗಿತು. ಬಾಗಿಲ ಹತ್ತಿರ ನಿಂತವರು ಇಣುಕಿದರು, ಇಣುಕಿದವರು ಒಳಗೆ ಬಂದು ಮಂಡಿಯೂರಿದರು. ಮೂರನೇ ಸಲ ಮಗು ದೊಪ್ಪನೆ ಬೋರಲಾಯಿತು.

ಕೈಯೊಂದು ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತು. ಮಗು ಮುಖ ಕೆಂಪು ಮಾಡಿಕೊಂಡು ರಾಗ ತೆಗೆಯಿತು.

"ಅಯ್ಯೋ, ಕೈ ಬಿಡಿಸ್ರೋ ಯಾರಾದ್ರೂ," ಎಂದು ಅಕ್ಕ ಬಾಗಿದಳು.

"ಮುಟ್ಟಬೇಡ. ಉಸಿರಾಡ್ತಿದಾಳೆ, ಮುಖ ಪಕ್ಕಕ್ಕಿದೆ. ಹತ್ತು ಎಣಿಸು."

ಅಕ್ಕ ಎಣಿಸತೊಡಗಿದಳು, ಗಟ್ಟಿಯಾಗಿಯೇ. ಐದಕ್ಕೆ ನಾಲ್ಕೈದು ಜನರ ದನಿ ಸೇರಿತು. ವ್ಯಾನಿನ ಡ್ರೈವರು ಹೊತ್ತಾಯಿತೆಂದು ಹೇಳಲು ಬಂದವನು ಹೊಸ್ತಿಲಲ್ಲೇ ನಿಂತು, ಟೋಪಿ ತೆಗೆದು, ತಾನೂ ಎಂಟರಿಂದ ಎಣಿಸಿದ. ಮಗು ಸೊಂಟ ಅಲುಗಿಸಿತು. ಕಾಲು ಚಾಪೆಯನ್ನು ಒದ್ದಿತು. ಒಂಬತ್ತಕ್ಕೆ ಮೊಣಕೈ ಕಾಣಿಸಿತು. ಹತ್ತಾಯಿತು, ಹನ್ನೊಂದಾಯಿತು, ಎಣಿಕೆ ನಿಲ್ಲಿಸುವುದು ಯಾರಿಗೂ ನೆನಪಾಗಲಿಲ್ಲ. ಹದಿನಾಲ್ಕಕ್ಕೆ ಕೈ ಪುಸಕ್ಕನೆ ಹೊರಗೆ ಬಂದು, ಐದೂ ಬೆರಳು ಬಿಚ್ಚಿ ಕೆಂಪು ಬಿಲ್ಲೆಯ ಮೇಲೆ ಬಿತ್ತು.

ತಾಯಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಯಾರೋ ಚಪ್ಪಾಳೆ ತಟ್ಟಿ, ಮಂಚ ನೋಡಿ, ಕೈ ಇಳಿಸಿದರು. "ತಟ್ಟಿ, ತಟ್ಟಿ," ಎಂದಳು ಅಕ್ಕ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಅವಳು ಇದ್ದಿದ್ರೆ ಕುಣೀತಿದ್ಲು." ಆಗ ಎಲ್ಲರೂ ತಟ್ಟಿದರು.

ಮಗಳು ಹೊರಗೆ ಹೋಗಿ ಆಸ್ಪತ್ರೆಯ ಮೇಡಂಗೆ ಫೋನ್ ಮಾಡಿ ಬಂದಳು. "ಬುಧವಾರ ಬೆಳಿಗ್ಗೆ ಬನ್ನಿ ಅಂದ್ರು. ಅಮ್ಮನ ಹತ್ರಾನೇ ಕಲಿತವರು ಅವರು." ತಾಯಿಯ ಮಡಿಸಿದ ಚೀಟಿಯನ್ನು ತೆಗೆದುಕೊಂಡು, ಅಮ್ಮನ ಅಕ್ಷರದ ಕೆಳಗೆ ತನ್ನ ಅಕ್ಷರದಲ್ಲಿ ಬರೆದುಕೊಟ್ಟಳು.

"ಹೊರಡೋಣ್ವಾ ಸಾರ್?" ಎಂದ ಡ್ರೈವರು.

ಹೊರುವವರು ಎದ್ದು ಮಂಚದ ಸುತ್ತ ನಿಂತರು. ಗಡಿಯಾರದವನು ಮಾತ್ರ ಚಾಪೆಯ ಮೇಲೇ ಇದ್ದ. ಅರ್ಧ ಗಂಟೆ ನೆಲ ಹಿಡಿದ ಅರವತ್ತೆಂಟರ ಮೈ ಏಳಲೊಲ್ಲದು. ನಾಲ್ಕು ಕೈಗಳು ಒಟ್ಟಿಗೆ ಅವನತ್ತ ಚಾಚಿದವು. ಮಗಳು ತೋಳು ಅಡ್ಡ ಹಿಡಿದಳು. "ಇರಿ," ಎಂದಳು. "ಒಂದು ನಿಮಿಷ."

ಅವನು ಮಗ್ಗುಲಿಗೆ ಹೊರಳಿದ. ಮೊಣಕೈ ಊರಿದ, ಆಮೇಲೆ ಅಂಗೈ. ಮಂಡಿ ಎಳೆದುಕೊಂಡು ನಾಲ್ಕು ಕಾಲಿನ ಮೇಲೆ ಸ್ವಲ್ಪ ತೂಗಿದ. ಒಂದು ಪಾದ ಮುಂದೆ ಇಟ್ಟ. ಚಾಪೆಯ ಮೇಲೆ ಬೋರಲಾಗಿದ್ದ ಮಗು ಕತ್ತು ನಡುಗಿಸುತ್ತ ತಲೆಯೆತ್ತಿ, ಅವನು ಮೇಲೇಳುತ್ತ ಹೋದಂತೆ ತಾನೂ ಇನ್ನಷ್ಟು ಎತ್ತಿ, ಅವನ ಮುಖ ಸಿಗುವವರೆಗೂ ನೋಡಿತು.