ಇದ್ದಿಲ ಮೀಸೆ

ಹೆಡತಲೆ ಊರಿನ ಪುಟ್ಟಬಸವಯ್ಯನ ಮಗ ದೀಪಕ್ ನಾಲ್ಕನೇ ಕ್ಲಾಸು. ಒಂದು ದಿನ ಹೊಟ್ಟೆನೋವು, ಒಂದು ದಿನ ತಲೆನೋವು. ಸ್ಕೂಲು ತಪ್ಪಿಸಲು ದಿನಕ್ಕೊಂದು ನೆಪ. ಅಂದು ಬೆಳಿಗ್ಗೆ ಕಣ್ಣಲ್ಲಿ ನೀರು ಬೇರೆ. ಅಪ್ಪನಿಗೆ ರೇಗಿತು.

"ಅಳೋನು ಗಂಡ್ಸೇನ್ಲಾ? ನಡಿ ಸ್ಕೂಲ್ಗೆ!"

ಮಗ ಕಣ್ಣೊರೆಸಿಕೊಂಡು ಹೊರಟ. ಮಗನನ್ನು ಗಂಡಸು ಮಾಡಿದೆನೆಂದು ಪುಟ್ಟಬಸವಯ್ಯನಿಗೆ ಹೆಮ್ಮೆಯೋ ಹೆಮ್ಮೆ.

ಸಂಜೆ ಶಿವರಂಜನಿ ಮನೆಗೆ ಬಂದಳು. ಗಂಡುಹುಡುಗರ ಆಟ, ಮಾತು, ಜಗಳದ ಮೇಲೆ ಸಂಶೋಧನೆ ಮಾಡಲು ಮೈಸೂರಿನಿಂದ ಶಾಲೆಗೆ ಬರುವ ಹುಡುಗಿ.

"ಐಕ್ಳಾಟದ ಮ್ಯಾಲೂ ರಿಸರ್ಚಾ? ಸರೋಯ್ತು ಬುಡವ್ವ!" ಪುಟ್ಟಬಸವಯ್ಯ ನಕ್ಕ.

"ನಗಬೇಡಿ ಅಣ್ಣಾ. ಹುಡುಗರು ಮೀಸೆ ಆಟ ಶುರು ಮಾಡಿದಾರೆ. ಹೊಡೆದಾಡಿದವನಿಗೆ, ಎತ್ತರದಿಂದ ನೆಗೆದವನಿಗೆ ಇದ್ದಿಲಲ್ಲಿ ಮೀಸೆ ಬರೀತಾರೆ. ಹೆದರಿದವನು 'ಎಣ್ಣಿಗ', ಅಂದ್ರೆ ಹೆಣ್ಣಿನಂಥವನು. ದೀಪಕ್‌ಗೆ ಇನ್ನೂ ಮೀಸೆ ಸಿಕ್ಕಿಲ್ಲ. ಅದಕ್ಕೇ ಅವನಿಗೆ ಸ್ಕೂಲು ಬೇಡ."

"ಗಂಡೈಕ್ಳು ಅಂದ್ಮೇಲೆ ಅಂಗೇ ಕಣವ್ವ. ಗಟ್ಟಿಯಾಯ್ತಾರೆ."

"ನಾಲೆ ಸೇತುವೆಯಿಂದ ನೆಗೆದ್ರೆ ದೊಡ್ಡ ಮೀಸೆಯಂತೆ! ಅದನ್ನ ಹೇಳೋಕೇ ಬಂದೆ. ದೀಪಕ್ ಎಲ್ಲಿ?"

"ನಾಲೆ ತಾವ್ಕೆ… ಆಡಕ್ಕೋಗವ್ನೆ." ಎನ್ನುತ್ತಲೇ ಪುಟ್ಟಬಸವಯ್ಯ ಅಂಗಳಕ್ಕಿಳಿದ. ಮಗನಿಗೆ ಈಜು ಬಾರದು!

ಎದ್ದೆನೋ ಬಿದ್ದೆನೋ ಎಂದು ಓಡಿದ. ಹಿಂದೆ ಶಿವರಂಜನಿ. ನಾಲೆಯಲ್ಲಿ ನೀರು ದಡ ಮುಟ್ಟಿ ಹರಿಯುತ್ತಿತ್ತು. ಸೇತುವೆಯ ಕಟ್ಟೆಯ ಮೇಲೆ ದೀಪಕ್ ಗಡಗಡ ನಡುಗುತ್ತ ನಿಂತಿದ್ದ. ಸುತ್ತ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು.

"ಅಳೋನು ಗಂಡ್ಸೇನ್ಲಾ? ನೆಗೀಲಾ! ನೆಗೀಲಾ!"

ಬೆಳಿಗ್ಗೆ ತಾನಾಡಿದ ಮಾತೇ! ಎಲ್ಲರ ಮನೆಯಲ್ಲೂ ಇದೇ ಪಾಠವೆಂದು ಅವನಿಗೆ ಆಗ ಗೊತ್ತಾಯಿತು. ಗದರಿದರೆ ಹುಡುಗ ನೆಗೆದೇಬಿಟ್ಟಾನು.

"ಬ್ಯಾಡ ಕಣ್ ಮಗ! ಅಪ್ಪುಂಗೆ ಬಯ ಆಯ್ತಾ ಅದೆ… ಇಳಿಯಪ್ಪ!" ಎನ್ನುತ್ತ ಗೊಳೋ ಎಂದು ಅತ್ತುಬಿಟ್ಟ.

ಚಪ್ಪಾಳೆ ನಿಂತಿತು. ಅಷ್ಟು ದೊಡ್ಡ ಆಳು ಅಳುವುದನ್ನು ಆ ಮಕ್ಕಳು ಕಂಡಿರಲಿಲ್ಲ. ದೀಪಕ್ ಮೆಲ್ಲಗೆ ಕೆಳಗಿಳಿದು ಅಪ್ಪನ ಕೊರಳಿಗೆ ಬಿದ್ದ.

ಹೊಡೆದಾಡಿ ಮೀಸೆ ಬರೆಸಿಕೊಂಡು ಮೆರೆಯುತ್ತಿದ್ದ ಹುಡುಗ ನಿಟ್ಟುಸಿರುಬಿಟ್ಟ. "ಸದ್ಯ! ಮುಂದ್ಲೋನು ನಾನೇ ಆಗಿದ್ದೆ. ನಂಗೂ ಈಜು ಬರಲ್ಲ ಕಣ್ರಲಾ!"

"ನಂಗೂವೆ!" "ನಂಗೂ ಬರಲ್ಲ!" ಎಲ್ಲರೂ ಕೂಗಿದರು. ಅಳುತ್ತಿದ್ದ ಪುಟ್ಟಬಸವಯ್ಯನಿಗೆ ನಗು ಬಂತು.

"ಬಾನುವಾರ ಕೆರೇಲಿ ನಾನೇ ಕಲಿಸ್ತೀನಿ. ಎಣ್ಣೈಕ್ಳೂ ಬರ್ಲಿ. ನಾನಿಲ್ದೆ ಯಾರೂ ನೀರಿಗಿಳಿಯಂಗಿಲ್ಲ!" ಎಂದವನು ಶಿವರಂಜನಿಯ ಕಡೆ ತಿರುಗಿದ. "ನಿನ್ ರಿಸರ್ಚು ಐಕ್ಳಿಗಲ್ಲ ಕಣವ್ವ, ನಮ್ಮಂತ ಅಪ್ಪದೀರ್ಗೆ ಬೇಕಾಗಿತ್ತು."

ಅಪ್ಪಂದಿರೇ, ಅಮ್ಮಂದಿರೇ, ಗಂಡುಮಗ ಅತ್ತರೆ ಮರ್ಯಾದೆ ಹೋಗುವುದಿಲ್ಲ. ಇವತ್ತೇ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಸ್ಕೂಲಲ್ಲಿ ಯಾವುದಕ್ಕೆ ಭಯ ಆಗುತ್ತೆ ಕಂದ?" ಎಂದು ಕೇಳಿ. ಅವನು ಹೇಳಿ ಮುಗಿಸುವ ತನಕ ನೀವು ಬಾಯಿ ತೆರೆಯಬೇಡಿ.