ಭಾನುವಾರದ ಹಾಲಿನ ಡಬ್ಬಿ

ನಮ್ಮ ವವಾವು ದ್ವೀಪದಲ್ಲಿ ಭಾನುವಾರ ಅಂಗಡಿ ತೆರೆಯುವುದಿರಲಿ, ಹುಂಜ ಕೂಡ ಪಾದ್ರಿಗಳ ಅಪ್ಪಣೆ ಪಡೆದೇ ಕೂಗುತ್ತದೆ. ಟೊಂಗಾ ದೇಶಕ್ಕೆಲ್ಲ ಗೊತ್ತಿರುವ ಈ ಸಂಗತಿ ಗೊತ್ತಿಲ್ಲದವನು ಲಿಸಿಯಾಟೆ ಒಬ್ಬನೇ. ಅಪ್ಪ ಇಲ್ಲಿಯವನೇ ಆದರೂ ಅವನು ಆಕ್ಲೆಂಡಿನಲ್ಲಿ ಬೆಳೆದವನು. ಅಲ್ಲಿ ಭಾನುವಾರವೂ ಅಂಗಡಿಗಳು ತೆರೆದೇ ಇದ್ದು, ಬೀಗ ಮಾರುವವರೆಲ್ಲ ಉಪವಾಸ ಬಿದ್ದಿದ್ದಾರೆ.

ಶನಿವಾರ ಹೆಂಡತಿ, ಹಸುಗೂಸಿನೊಂದಿಗೆ ಅವನು ವಿಮಾನದಿಂದ ಇಳಿದಾಗ ಹಾಲಿನ ಪುಡಿಯಿದ್ದ ಪೆಟ್ಟಿಗೆ ಬಂದಿರಲಿಲ್ಲ. ನಾಳೆ ಕೊಂಡರಾಯಿತು ಎಂದು ಮಲಗಿಬಿಟ್ಟ.

ಮರುದಿನ ಮಗಳು ಸೆಲಾಳ ಅಳು ಚರ್ಚಿನ ಹಾಡನ್ನು ಮುಳುಗಿಸಿ, ಆಚೆ ದ್ವೀಪದ ಹಂದಿಗಳನ್ನೂ ಎಬ್ಬಿಸಿತು. ಆಮೇಲೆ ಅಳು ನಿಂತಿತು. ಲಿಸಿಯಾಟೆಯ ಜೀವ ಬಾಯಿಗೆ ಬಂದದ್ದು ಆಗಲೇ. ಜ್ವರದಿಂದ ಎದೆಹಾಲು ಬತ್ತಿದ್ದ ಹೆಂಡತಿ ಮಗುವಿನ ತುಟಿಗೆ ನೀರು ಸವರುತ್ತಿದ್ದಳು. ಮಗು ನಾಲಿಗೆ ಚಾಚುತ್ತಿರಲಿಲ್ಲ.

ಅವನು ಓಡಿದ. ಬಾಗಿಲು ಬಾಗಿಲಿಗೂ ನೋಟು ಹಿಡಿದು ಬೇಡಿದ. ನೋಟು ಕಂಡವರು ಹಾವು ಕಂಡಂತೆ ಪರದೆ ಎಳೆದುಕೊಂಡರು. ಭಾನುವಾರ ದುಡ್ಡು ಮುಟ್ಟಿದವರನ್ನು ಪೊಲೀಸರು ಬಿಟ್ಟರೂ ಪಾದ್ರಿ ಬಿಡುವುದಿಲ್ಲ. ಕೊನೆಗೆ ಉಳಿದದ್ದು ವಿಧವೆ ಲೂಪೆಯ ಅಂಗಡಿ. ಹಿಂದೆಯೇ ಅವಳ ಮನೆ. ಅವಳು ಊಟಕ್ಕೆ ಕೂತಿದ್ದಳು. ಲಿಸಿಯಾಟೆ ಎರಡರಷ್ಟು ಕೊಡುತ್ತೇನೆಂದ, ಹತ್ತರಷ್ಟು ಎಂದ, ಕೈಗಡಿಯಾರ ಬಿಚ್ಚಿದ.

"ಕೈ ಇಳಿಸು ಮಾರಾಯ. ಇವತ್ತು ನಾನು ಮಾರಲ್ಲ."

"ಮಗು ಸಾಯ್ತಾ ಇದೆ ಅತ್ತೆ."

"ಕೇಳಿಸ್ತು. ಮಾರಲ್ಲ ಅಂದೆ, ಬೇರೆ ಏನಾದ್ರೂ ಅಂದೆನಾ? ನಿಮ್ಮಪ್ಪ ಆಕ್ಲೆಂಡ್‌ನಲ್ಲಿ ನಿಂಗೆ 'ಕೋಲೆ' ಅನ್ನೋ ಮಾತು ಕಲಿಸಲೇ ಇಲ್ವಾ?"

ಕೋಲೆ ಎಂದರೆ ಕೇಳುವುದು. ದುಡ್ಡು ತೋರಿಸದೆ, ನೆಲಕ್ಕೆ ಕೂತು, ತಲೆ ತಗ್ಗಿಸಿ ಕೇಳುವುದು. ಹಾಗೆ ಕೇಳಿದವರಿಗೆ ಇಲ್ಲ ಅನ್ನುವ ನಾಲಿಗೆ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಲಿಸಿಯಾಟೆ ಹುಟ್ಟಿದಾಗಿನಿಂದ ಯಾರನ್ನೂ ಒಂದು ಚಿಟಿಕೆ ಉಪ್ಪು ಕೇಳಿದವನಲ್ಲ. ಅವನ ಮೊಣಕಾಲು ಮಡಚುವಷ್ಟರಲ್ಲಿ ಎರಡು ಬಿರುಗಾಳಿ ಬಂದು ಹೋಗಬಹುದಿತ್ತು. ಮಡಚಿತು.

"ಅತ್ತೆ, ಕೇಳ್ಕೋತೀನಿ. ನನ್ನ ಮಗೂಗೆ ಹಾಲು ಕೊಡಿ."

ಲೂಪೆ ಕೈ ತೊಳೆದು ಅಂಗಡಿಯೊಳಗೆ ಹೋಗಿ, ಡಬ್ಬಿ ತಂದು ಅವನ ಮಡಿಲಿಗಿಟ್ಟಳು.

"ಓಡು. ನಾಳೆ ನಾನೂ ಕೇಳೋಕೆ ಬರ್ತೀನಿ. ಗಡಿಯಾರ ಚೆನ್ನಾಗಿದೆ."

ಮೊದಲ ಚಮಚ ತುಟಿಯಿಂದ ಜಾರಿತು, ಎರಡನೆಯದೂ ಜಾರಿತು. ಮೂರನೆಯದನ್ನು ಸೆಲಾ ನುಂಗಿದಳು. ಆಮೇಲೆ ಅವಳು ಕುಡಿದ ರಭಸಕ್ಕೆ ಬಂದರಿನ ನೀರು ಒಂದು ಗೇಣು ಇಳಿಯಿತು.

ಸೋಮವಾರ ಬೆಳಿಗ್ಗೆ ಲೂಪೆ ಬಂದು ನೆಲಕ್ಕೆ ಕೂರುವ ಮೊದಲೇ ಲಿಸಿಯಾಟೆ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಿದ್ದ.